ಶಾಂತಾಬಾಯಿಗೆ ಮರೆಯಾಗಿ ಒಂದು ಗುಲಾಬಿ ಬೇಲಿ

ಯಾರಿಗೂ ಮುಖದ ಮೇಲೆ ‘ಬೇಡ’ ಎನ್ನಲಾಗದ ಮನುಷ್ಯರು ಬಹಳ ಕಷ್ಟಪಡುತ್ತಾರೆ. ನಾನೂ ಆ ಜಾತಿಯವಳೇ. ಇಪ್ಪತ್ತು ವರ್ಷದಿಂದ ನರ್ಸ್ ಆಗಿ ಎಂತೆಂಥ ರೋಗಿಗಳನ್ನು ಗದರಿಸಿದ್ದೇನೆ. ಆದರೆ ಪಕ್ಕದ ಮನೆಯ ಶಾಂತಾಬಾಯಿಗೆ ‘ನಮ್ಮ ಅಂಗಳಕ್ಕೆ ಇಣುಕಬೇಡಿ’ ಎನ್ನಲು ನಾಲಿಗೆ ಏಳಲಿಲ್ಲ. ಬೀದರಿನ ನಮ್ಮ ಓಣಿಯಲ್ಲಿ ಎರಡೂ ಮನೆಗಳ ನಡುವೆ ಇದ್ದದ್ದು ಮೊಣಕಾಲೆತ್ತರದ ಕಲ್ಲಿನ ಸಾಲು ಮಾತ್ರ. ನಾನು ತಲೆ ಬಾಚಿದರೆ, “ಸಿಸ್ಟರ್, ಕೂದ್ಲಾ ಭಾಳ ಉದುರ್ಲತ್ತಾವಲ್ರಿ!” ಚಹಾ ಕುಡಿದರೆ, “ಇದು ಮೂರನೇದು ಅಲ್ರಿ?” ಸಾಲಿ ಮಾಸ್ತರರಾದ ನನ್ನ ಗಂಡ ಗೋಡೆ ಕಟ್ಟಿಸೋಣ ಎಂದರು. ಗೋಡೆ ಎದ್ದರೆ ಮಾತು ಮುರಿದಂತೆ. ಹೂವಿನ ಮೇಲೆ ಯಾರು ಸಿಟ್ಟಾಗುತ್ತಾರೆ? ಗುಲಾಬಿ ಬೇಲಿಯನ್ನೇ ಬೆಳೆಸುತ್ತೇನೆಂದು ಹಟ ತೊಟ್ಟೆ.

ನರ್ಸರಿಯವನು, “ಯಾವ ಬಣ್ಣ ಬೇಕ್ರಿ ಮೇಡಂ?” ಎಂದ. “ಬಣ್ಣ ಯಾವುದಾದ್ರೂ ಇರ್ಲಿ, ಅಗಲ ಎಷ್ಟಾಗ್ತದ?” ಎಂದೆ. ಮಂಚ ಕೊಳ್ಳಲು ಬಂದು ದಾರಿ ತಪ್ಪಿದವಳೇನೋ ಎಂಬಂತೆ ನನ್ನನ್ನು ನೋಡಿ, ಹನ್ನೆರಡು ಹೈಬ್ರಿಡ್ ಗಿಡ ಕೊಟ್ಟ. ಹೂವು ಅಂಗೈಯಗಲ ಬಿಟ್ಟವು, ನಿಜ. ಆದರೆ ಬುಡದಲ್ಲಿ ಬರೀ ಕಡ್ಡಿ. ಆ ಕಡ್ಡಿಗಳ ನಡುವೆ ಶಾಂತಾಬಾಯಿಯ ಮುಖ ಫ್ರೇಮು ಹಾಕಿಸಿದ ಫೋಟೋದಂತೆ ಇನ್ನೂ ಚಂದ ಕಾಣುತ್ತಿತ್ತು. ಬೇಸಿಗೆಗೆ ನಾಲ್ಕು ಒಣಗಿದವು, ಉಳಿದವನ್ನು ಯಾರದೋ ಆಡು ಮೇಯ್ದಿತು. ಆಡನ್ನು ಓಡಿಸಿದವರೂ ಶಾಂತಾಬಾಯಿಯೇ.

“ಇವು ಶೋಕಿ ಹೂರಿ ಸಿಸ್ಟರ್. ಬೇಲಿಗಿ ದೇಸಿ ಗುಲಾಬಿನೇ ಬೇಕು. ನಮ್ಮ ತವರಮನ್ಯಾಗ ಅದಾವ,” ಎಂದು ತವರೂರು ಚಿಂತಾಕಿಗೆ ಹೋಗಿ, ಹಸಿ ಗೋಣಿಯಲ್ಲಿ ಸುತ್ತಿದ ಮುಳ್ಳುಕಡ್ಡಿಯ ಹೊರೆಯನ್ನು ಬಸ್ಸಿನಲ್ಲಿ ತಂದೇಬಿಟ್ಟರು. ಯಾರಿಂದ ಮರೆಯಾಗಬೇಕೋ ಅವರ ಕೈಯಿಂದಲೇ ಕಡ್ಡಿ ಇಸಿದುಕೊಳ್ಳುವಾಗ ನಾಚಿಕೆಯಾಯಿತು. ಆದರೂ ಇಸಿದುಕೊಂಡೆ. ಕೆಂಪು ಮಣ್ಣಿಗೆ ಸಗಣಿ ಗೊಬ್ಬರ ಬೆರೆಸಿ, ಎರಡೆರಡು ಅಡಿಗೊಂದರಂತೆ ನೆಟ್ಟೆ. ತುದಿ ಕತ್ತರಿಸಿದರೆ ಬುಡದಿಂದ ಕವಲೊಡೆಯುತ್ತದೆ ಎಂದು ಹೇಳಿಕೊಟ್ಟವರೂ ಅವರೇ. ಡ್ಯೂಟಿಗೆ ಹೋಗುವ ಮುಂಚೆ ಈ ಕಡೆಯಿಂದ ನಾನು ನೀರು ಹಾಕಿದರೆ, ಮಧ್ಯಾಹ್ನ ಆ ಕಡೆಯಿಂದ ಅವರು ಹಾಕುತ್ತಿದ್ದರು.

ಮೂರನೆಯ ಮಳೆಗಾಲಕ್ಕೆ ಬೇಲಿ ತಲೆ ಮೀರಿ ಬೆಳೆದು, ಬೆರಳು ತೂರದಷ್ಟು ದಟ್ಟವಾಯಿತು. ನನ್ನ ಮೂರನೆಯ ಚಹಾವನ್ನು ಎಣಿಸುವವರಿಲ್ಲ. ಆದರೆ ಅವರೇ ತಂದ ಕಡ್ಡಿಯಿಂದ ಅವರನ್ನೇ ಮರೆಮಾಡಿದ್ದು ಮನಸ್ಸಿಗೆ ಚುಚ್ಚುತ್ತಿತ್ತು. ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ: “ವೈನಿ, ಬೇಲಿ ಹಿಂಗ ಅಡ್ಡ ಆಯ್ತಂತ ನಿಮಗ ಬ್ಯಾಸರ ಇಲ್ಲಲ್ರಿ?”

“ಬ್ಯಾಸರ ಯಾಕ್ರಿ?” ಎಂದಿತು ಎಲೆಗಳಾಚೆಯ ದನಿ. “ನಾ ಸಕ್ಕರಿ ಕಾಯಿಲಿಯಾಕಿ. ಒಂದು ಉಂಡಿ ಬಾಯಾಗ ಇಟ್ಟರ ಸಾಕು, ‘ವೈನಿ, ಶುಗರ್!’ ಅಂತ ಅಲ್ಲಿಂದೇ ಚೀರ್ತಿದ್ರಿ. ಗೋಡಿ ಕಟ್ಟಿಸಿದ್ರ ನಿಮಗ ಕೆಟ್ಟ ಅನಸ್ತದಂತ ಸುಮ್ನಿದ್ದೆ. ಅದಕ್ಕೇ ಅಲ್ರಿ, ಚಿಂತಾಕಿತನ ಹೋಗಿ ಕಡ್ಡಿ ತಂದದ್ದು!”

ಅಷ್ಟರಲ್ಲಿ ಆಚೆಯಿಂದ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ತುದಿಗಾಲ ಮೇಲೆ ನಿಂತೆ, ಬಗ್ಗಿದೆ, ಎಲೆ ಸರಿಸಲು ಹೋಗಿ ಬೆರಳು ಚುಚ್ಚಿಸಿಕೊಂಡೆ. ಏನೂ ಕಾಣಲಿಲ್ಲ. ಅಷ್ಟು ಚೆನ್ನಾಗಿ ಬೆಳೆಸಿದ್ದೆ.