ಐಬಿಲ್ಲದ ಕಾರು ಬೇಕಾಗಿದೆ

ನನಗೆ ಕಾರು ಓಡಿಸಲು ಬರುವುದಿಲ್ಲ. ಬರುವುದಿಲ್ಲ ಎಂದರೆ ಅಷ್ಟಕ್ಕಷ್ಟೇ ಬರುತ್ತದೆ ಎಂದಲ್ಲ, ಸುತರಾಂ ಬರುವುದಿಲ್ಲ. ಇದನ್ನು ಹೇಳಿಕೊಳ್ಳಲು ಈಗ ನನಗೆ ನಾಚಿಕೆಯೇನೂ ಇಲ್ಲ (ಇದ್ದಬದ್ದ ನಾಚಿಕೆಯೆಲ್ಲ ಕಳೆದ ಭಾನುವಾರ ಒಂದೇ ಕಂತಿನಲ್ಲಿ ಖರ್ಚಾಯಿತು). ಅದಕ್ಕೆ ಮುಂಚೆ ಹದಿನೇಳು ವರ್ಷ ಈ ಗುಟ್ಟು ನನ್ನೊಬ್ಬನ ಹೊಟ್ಟೆಯಲ್ಲೇ ಇತ್ತು.

ಲೈಸೆನ್ಸ್ ಇದೆ ಸ್ವಾಮಿ, ಅದರಲ್ಲಿ ಸುಳ್ಳಿಲ್ಲ. ಮದುವೆಗೆ ಮುಂಚೆ ಡ್ರೈವಿಂಗ್ ಸ್ಕೂಲಿಗೆ ಸೇರಿ ಇಪ್ಪತ್ತು ದಿನ ತಪ್ಪದೆ ಹೋಗಿದ್ದೆ. ಆ ಸ್ಕೂಲಿನ ಕಾರುಗಳಲ್ಲಿ ಕಲಿಸುವವನ ಕಾಲ ಕೆಳಗೂ ಕ್ಲಚ್ಚು, ಬ್ರೇಕು ಇರುತ್ತವೆ. ನಾನು ಮೇಲೆ ಸ್ಟೀರಿಂಗ್ ಹಿಡಿದು ಗಂಭೀರವಾಗಿ ಕೂರುತ್ತಿದ್ದೆ, ಕೆಳಗಿನ ಕಾರುಬಾರನ್ನೆಲ್ಲ ಆ ಪುಣ್ಯಾತ್ಮ ನೋಡಿಕೊಳ್ಳುತ್ತಿದ್ದ. ಪರೀಕ್ಷೆಯ ದಿನವೂ ಪಕ್ಕದಲ್ಲಿ ಅವನೇ ಇದ್ದ. ಪಾಸಾದದ್ದು ಅವನು, ಕಾರ್ಡಿನ ಮೇಲೆ ಫೋಟೊ ಮಾತ್ರ ನನ್ನದು.

ಮದುವೆಯಾದ ಹೊಸದರಲ್ಲಿ ಆ ಕಾರ್ಡನ್ನು ನೋಡಿ ಹೆಂಡತಿ ಕಣ್ಣರಳಿಸಿದಳು. ಹೊಸ ಹೆಂಡತಿ ಕಣ್ಣರಳಿಸಿದರೆ ಯಾವ ಗಂಡಸು ತಾನೇ ಬಾಯಿ ಮುಚ್ಚಿಕೊಂಡಿದ್ದಾನು? ನಮ್ಮ ಮ್ಯಾನೇಜರರ ಕಾರನ್ನು ದಟ್ಟ ಮಂಜಿನಲ್ಲಿ, ಬೆಟ್ಟದ ದಾರಿಯಲ್ಲಿ, ವೈಪರ್ ಕೆಟ್ಟಿದ್ದರೂ ಒಂದು ಗೀರೂ ಬೀಳದಂತೆ ಇಳಿಸಿ ತಂದೆ ಎಂದು ಹೇಳಿಬಿಟ್ಟೆ. ಅದನ್ನು ಅವಳು ನಮ್ಮಮ್ಮನಿಗೆ ಹೇಳಿದಳು, ಅಮ್ಮ ಚಿಕ್ಕಮ್ಮನಿಗೆ ಹೇಳಿದಳು. ಇಬ್ಬರು ಹೆಣ್ಣುಮಕ್ಕಳು ಹುಟ್ಟಿದ ಮೇಲೆ ಅವರಿಗೆ ಊಟ ಮಾಡಿಸುವಾಗಲೂ ಅದೇ ಕಥೆ. ಒಂದೊಂದು ತುತ್ತಿಗೆ ಬೆಟ್ಟದಲ್ಲಿ ಒಂದೊಂದು ತಿರುವು ಹೆಚ್ಚಾಗುತ್ತಿತ್ತು. ಮನೆಯಲ್ಲಿದ್ದದ್ದು ಒಂದು ಸ್ಕೂಟರು ಮಾತ್ರವಾದ್ದರಿಂದ ನನ್ನ ಮಾನಕ್ಕೆ ಯಾವ ಅಪಾಯವೂ ಇರಲಿಲ್ಲ.

ಅಪಾಯ ಬಂದದ್ದು ಅಮ್ಮನ ಮಂಡಿಯ ರೂಪದಲ್ಲಿ. ಎಂಟು ತಿಂಗಳ ಹಿಂದೆ ಎರಡೂ ಮಂಡಿ ಒಟ್ಟಿಗೆ ಮುಷ್ಕರ ಹೂಡಿದವು. ಬಸ್ಸಿನ ಮೆಟ್ಟಿಲು ಹತ್ತಲಾಗದು, ಸ್ಕೂಟರಿನ ಮೇಲೆ ಕಾಲು ಹಾಕಲಾಗದು, ಬಾಡಿಗೆ ಕಾರಿಗೆ ದಿನಾ ದುಡ್ಡು ಸುರಿಯಲಾಗದು. ಊರಿನ ಆ ತುದಿಯಲ್ಲಿರುವ ತನ್ನ ತಂಗಿಯ ಮನೆಗೆ ವಾರಕ್ಕೆರಡು ಸಲ ಹೋಗಿ, ಜಗಳವಾಡಿ, ಖುಷಿಯಾಗಿ ಬರುತ್ತಿದ್ದವಳು ಕಿಟಕಿಯ ಪಕ್ಕದ ಕುರ್ಚಿಗೆ ಸೇರಿಬಿಟ್ಟಳು. ದಿನದಿನಕ್ಕೆ ಮಾತು ಕಡಿಮೆಯಾಯಿತು. ನನಗೂ ಸಂಕಟವಾಗುತ್ತಿತ್ತು, ಇಲ್ಲ ಎನ್ನಲಾರೆ.

ನನ್ನ ಹೆಂಡತಿಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. "ಏನೂ ನೋಯಲ್ಲ" ಎನ್ನುವಷ್ಟರಲ್ಲಿ ಚುಚ್ಚಿ ಮುಗಿಸಿರುತ್ತಾಳೆ. ಮನೆಯಲ್ಲೂ ಅದೇ ಪದ್ಧತಿ. ಒಂದು ದಿನ ಊಟದ ನಡುವೆ, ತಾನು ಐದು ವರ್ಷದಿಂದ ಕೂಡಿಟ್ಟದ್ದು ಎರಡೂವರೆ ಲಕ್ಷವಾಗಿದೆ ಎಂದೂ, ಅಷ್ಟರೊಳಗೆ ಹಳೆಯ ಕಾರೊಂದನ್ನು ಕೊಳ್ಳುವುದೆಂದೂ ತೀರ್ಪು ಕೊಟ್ಟಳು. ಹೇಗೂ ಬೆಟ್ಟ ಇಳಿಸಿದ ಶೂರ ಮನೆಯಲ್ಲೇ ಇದ್ದಾನಲ್ಲ, ಡ್ರೈವರ್ ಸಂಬಳ ಉಳಿಯಿತು ಎಂದಳು. ನನ್ನ ಗಂಟಲಿಗೆ ಅನ್ನ ಸಿಕ್ಕಿಕೊಂಡು ಎರಡು ಲೋಟ ನೀರು ಬೇಕಾಯಿತು.

ಮೊದಲ ಕಾರು ನೋಡಲು ಹೋದಾಗ ಮಾರುವವನು ಕೀಲಿಯನ್ನು ನನ್ನ ಕಡೆ ಚಾಚಿ, ಒಂದು ಸುತ್ತು ಓಡಿಸಿ ನೋಡಿ ಎಂದ. ಆದರೆ ಆಪತ್ತಿನಲ್ಲಿ ಬುದ್ಧಿ ಕೈಕೊಡಲಿಲ್ಲ. "ಓಡಿಸಿ ನೋಡೋದು ಹೊಸಬರು ಕಣಪ್ಪ. ನೀನು ಓಡ್ಸು, ನಾನು ಕೇಳ್ತೀನಿ" ಎಂದೆ. ಪಕ್ಕದಲ್ಲಿ ಕೂತು, ಕಣ್ಣು ಮುಚ್ಚಿ, ಸಂಗೀತ ಕಚೇರಿಯಲ್ಲಿ ಕೂತವನ ಹಾಗೆ ತಲೆಯಾಡಿಸಿದೆ. ಇಳಿದ ಮೇಲೆ ಹೆಂಡತಿಯನ್ನು ಪಕ್ಕಕ್ಕೆ ಕರೆದು, ಗೇರ್‌ಬಾಕ್ಸ್ ಅಳುತ್ತಿದೆ ಎಂದು ಪಿಸುಗುಟ್ಟಿದೆ. ಅವಳು ಮತ್ತೆ ಕಣ್ಣರಳಿಸಿದಳು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡು ಮನೆಗೆ ಬಂದೆ.

ಇಲ್ಲಿ ನನ್ನ ಉದ್ಯೋಗದ ವಿಷಯ ಹೇಳಲೇಬೇಕು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ನಾನು ತಪಾಸಣೆಯವನು. ದಿನಕ್ಕೆ ನಾನೂರು ಅಂಗಿ ತಿರುವಿಹಾಕಿ, ಗುಂಡಿಮನೆ ಡೊಂಕು, ಹೊಲಿಗೆ ಸಡಿಲ, ಕಾಲರ್ ಕಿವಿ ಒಂದು ಉದ್ದ ಒಂದು ಗಿಡ್ಡ ಎಂದು ಹಿಂದಕ್ಕೆ ಎಸೆಯುವುದೇ ನನ್ನ ಅನ್ನ. ಐಬು ಹುಡುಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಕಾರ್ಖಾನೆಯ ಎದುರಿನ ಮೆಕ್ಯಾನಿಕ್ ಅಂಗಡಿಯಲ್ಲಿ ಟೀ ಕುಡಿಯುತ್ತ ನಿಂತು ನಾಲ್ಕು ಮಾತು ಕದ್ದುಕೊಂಡೆ. ವಾಹನಶಾಸ್ತ್ರದಲ್ಲಿ ನನ್ನ ಪಾಂಡಿತ್ಯಕ್ಕೆ ಅಷ್ಟೇ ಬಂಡವಾಳ.

ಎರಡನೆಯ ಕಾರಿನ ಚಾಪೆ ಎತ್ತಿ ಮೂಸಿ, ಇದು ನೆರೆಯಲ್ಲಿ ಮುಳುಗಿದ ಗಾಡಿ ಎಂದೆ. ಮೂರನೆಯದು ನಮ್ಮ ಕಾರ್ಖಾನೆಯ ಲೆಕ್ಕಿಗರದು. ಅದರ ಬಾಗಿಲನ್ನು ಐದು ಸಲ ತೆಗೆದು ಹಾಕಿ, ನಿಟ್ಟುಸಿರು ಬಿಟ್ಟು, ಏನೂ ಹೇಳದೆ ಬಂದೆ (ಅವರು ಇವತ್ತಿಗೂ ನನ್ನ ಜತೆ ಮಾತಾಡುವುದಿಲ್ಲ). ನಾಲ್ಕನೆಯದಕ್ಕೆ ಹೊಗೆ ನೀಲಿ, ಐದನೆಯದಕ್ಕೆ ಹೊಗೆಯೇ ಇಲ್ಲ, ಅದೂ ಅನುಮಾನ. ಆರನೆಯದರ ಬೆಲೆ ನಮ್ಮ ಮಿತಿಗಿಂತ ಎರಡು ಸಾವಿರ ಹೆಚ್ಚಿತ್ತು. ಒಂದು ಪೈಸೆಯೂ ಮೀರುವಂತಿಲ್ಲ ಎಂದು ಅರ್ಥಶಾಸ್ತ್ರ ಬೋಧಿಸಿ ಪಾರಾದೆ.

ಈ ನಡುವೆ ನನ್ನ ಕೀರ್ತಿ ಬೀದಿಯಿಂದ ಬೀದಿಗೆ ಹಬ್ಬಿತು. ಹಳೆಯ ಕಾರು ಕೊಳ್ಳುವವರು ಸಲಹೆಗೆ ಬರತೊಡಗಿದರು. ನಮ್ಮವರ ಕಿವಿಗೆ ಬೀಳದ ಸದ್ದು ಎಂಜಿನ್‌ನಲ್ಲಿ ಹುಟ್ಟಿಯೇ ಇಲ್ಲ ಎಂದು ಹೆಂಡತಿ ಲ್ಯಾಬಿನಲ್ಲಿ ಹೇಳಿಕೊಂಡು ಬಂದಳಂತೆ. ಹೊಗಳಿ ಹೊಗಳಿ ಹೊನ್ನಶೂಲಕ್ಕೇರಿಸುವುದು ಎಂದರೆ ಏನೆಂದು ನನಗೆ ಆಗ ಅರ್ಥವಾಯಿತು.

ಆದರೆ ಅಮ್ಮ ಮಾತ್ರ ಪ್ರತಿ ಭಾನುವಾರ ತಲೆ ಬಾಚಿ, ಒಗೆದ ಸೀರೆ ಉಟ್ಟು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕಿಟಕಿಯಲ್ಲಿ ಕಾಯುತ್ತಿದ್ದಳು. ನಾನು ಬಂದು, ಇದೂ ಸರಿ ಇಲ್ಲಮ್ಮ ಎನ್ನುತ್ತಿದ್ದೆ. "ಹೋಗ್ಲಿ ಬಿಡು ಮಗಾ, ನಿನಗಿಂತ ಬಲ್ಲವರು ಯಾರಿದಾರೆ" ಎಂದು ಅವಳು ಚೀಲವನ್ನು ಮೊಳೆಗೆ ತಗುಲಿಹಾಕುತ್ತಿದ್ದಳು. ಆ ಹೊತ್ತಿಗೆ ನಿಜ ಹೇಳಿಬಿಡಬೇಕು ಎನಿಸುತ್ತಿತ್ತು. ಊಟದ ಹೊತ್ತಿಗೆ ಮಾನ ದೊಡ್ಡದೆನಿಸುತ್ತಿತ್ತು.

ಏಳನೆಯ ಕಾರು ನಿವೃತ್ತ ಗಣಿತದ ಮೇಷ್ಟ್ರೊಬ್ಬರದು. ಮಗಳ ಮನೆಗೆ ಹೋಗಿ ಇರುತ್ತಾರಂತೆ, ಅಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲವಂತೆ. ಈ ಸಲ ಹೆಂಡತಿ ಹಟ ಹಿಡಿದು ಎಲ್ಲರನ್ನೂ ಬಾಡಿಗೆ ಕಾರಿನಲ್ಲಿ ಹೊರಡಿಸಿದಳು. ಕೂರಬೇಕಾದವರು ಅತ್ತೆ, ಅವರೇ ಕೂತು ನೋಡಲಿ ಎಂದಳು.

ಬೂದು ಬಣ್ಣದ, ಹನ್ನೊಂದು ವರ್ಷದ ಕಾರು. ಅರ್ಧ ಗಂಟೆ ಸುತ್ತಿದೆ, ಬಗ್ಗಿದೆ, ಅಂಗಾತ ಮಲಗಿ ಹೊಟ್ಟೆಯನ್ನೂ ನೋಡಿದೆ. ಏನೂ ಸಿಗಲಿಲ್ಲ. ಸೀಟಿನ ಹೊಲಿಗೆಯೂ ನೆಟ್ಟಗಿತ್ತು, ಇಂಚಿಗೆ ಹತ್ತು ಹೊಲಿಗೆ, ನಮ್ಮ ಕಾರ್ಖಾನೆಯ ಹಾಗೆ. ಅಷ್ಟರಲ್ಲಿ ಅಮ್ಮ ಮುಂದಿನ ಸೀಟಿಗೆ ಬೆನ್ನು ಕೊಟ್ಟು ಕೂತು, ಒಂದೊಂದೇ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟುಕೊಂಡಳು. ನೋವಾಗಲಿಲ್ಲ. ಎಂಟು ತಿಂಗಳಾದ ಮೇಲೆ ಅವಳ ಮುಖದಲ್ಲಿ ನಗು ಕಂಡಿತು. ಹೋಗುವಾಗ ತಂಗಿ ಮನೆ ಕಡೆಯಿಂದಲೇ ಹೋಗೋಣ್ವಾ ಎಂದು ಕೇಳಿದಳು.

ಮೇಷ್ಟ್ರು ಹೇಳಿದ ಬೆಲೆ ಎರಡೂವರೆ ಲಕ್ಷ, ಸರಿಯಾಗಿ ನಮ್ಮ ಮಿತಿ. ಉಳಿದದ್ದು ಒಂದೇ ದಾರಿ, ಕಣ್ಣು ಮುಚ್ಚಿ ಗಾಳಿಯಲ್ಲಿ ಗುಂಡು ಹಾರಿಸುವುದು.

"ಮೇಷ್ಟ್ರೇ, ಈ ಗಾಡಿ ಏರು ಹತ್ತುವಾಗ ಎಂಜಿನ್ ಕಾಯುತ್ತೆ. ಒಂದೂವರೆ ಲಕ್ಷದ ಮೇಲೆ ಒಂದು ಪೈಸೆ ಕೊಡಲ್ಲ."

ಇಷ್ಟು ಅವಮಾನ ಮಾಡಿದರೆ ಯಾವ ಮೇಷ್ಟ್ರಾದರೂ ಗೇಟಿನಾಚೆ ದಬ್ಬಬೇಕು. ಇವರು ಮುಖ ಸಣ್ಣಗೆ ಮಾಡಿಕೊಂಡು ನೆಲ ನೋಡಿದರು. ಹೇಗೆ ಗೊತ್ತಾಯಿತು ಎಂದು ಕೇಳಿದರು. ಆರು ತಿಂಗಳಿಂದ ಏರಿನಲ್ಲಿ ಕಾಯುತ್ತಿದೆಯಂತೆ, ರೇಡಿಯೇಟರ್ ಬದಲಿಸಬೇಕಂತೆ, ಹೇಳಲೋ ಬೇಡವೋ ಎಂದು ಬೆಳಗಿನಿಂದ ಮನಸ್ಸು ಕೊರೆಯುತ್ತಿತ್ತಂತೆ. ಒಂದೂವರೆಗೆ ಒಪ್ಪಿಕೊಂಡುಬಿಟ್ಟರು.

ಹೆಂಡತಿ ಮದುವೆಯ ದಿನವೂ ನನ್ನನ್ನು ಹಾಗೆ ನೋಡಿರಲಿಲ್ಲ. ರೇಡಿಯೇಟರ್ ಹಾಕಿಸಿದರೂ ಮುಕ್ಕಾಲು ಲಕ್ಷ ಉಳಿಯುತ್ತದೆ ಎಂದು ಅಲ್ಲೇ ಹೇಳಿ, ಚೀಲದಿಂದ ಮುಂಗಡ ತೆಗೆದು ಮೇಷ್ಟ್ರ ಕೈಯಲ್ಲಿಟ್ಟಳು. ಕಾಗದಪತ್ರ ನಾಳೆ ಮಾಡೋಣ, ಗಾಡಿ ಇವತ್ತೇ ಕೊಂಡುಹೋಗಿ ಎಂದು ಅವರು ಕೀಲಿಯನ್ನು ನನ್ನ ಅಂಗೈಗೆ ಹಾಕಿದರು. ಹೆಂಡತಿ, ಮಕ್ಕಳು ಹಿಂದೆ ಹತ್ತಿದರು. ಮುಂದೆ ಅಮ್ಮ ಇದ್ದೇ ಇದ್ದಳು. ನನಗಾಗಿ ಖಾಲಿ ಇದ್ದದ್ದು ಆ ಒಂದೇ ಸೀಟು.

ಕೂತೆ. ಕನ್ನಡಿ ಸರಿಮಾಡಿದೆ, ಸೀಟು ಹಿಂದೆ ಮುಂದೆ ಮಾಡಿದೆ, ಮತ್ತೆ ಕನ್ನಡಿ ಸರಿಮಾಡಿದೆ. ಹೊರಡು ಅಪ್ಪಾ ಎಂದಳು ದೊಡ್ಡವಳು. ಕೀಲಿ ತಿರುಗಿಸಿದೆ. ಕಾರು ಒಂದಡಿ ಮುಂದಕ್ಕೆ ಕುಪ್ಪಳಿಸಿ ಸತ್ತಿತು. ಕಾಲ ಕೆಳಗಿನ ಮೂರರಲ್ಲಿ ಯಾವುದನ್ನು ಒತ್ತಿದ್ದರೆ ಸಾಯುತ್ತಿರಲಿಲ್ಲ ಎಂದು ಯೋಚಿಸಿ ಇನ್ನೊಂದನ್ನು ಒತ್ತಿದೆ. ಈ ಸಲ ಎರಡಡಿ. ಮೂರನೆಯ ಸಲ ಗೇಟಿನ ಪಕ್ಕದ ಹೂಕುಂಡ ಉರುಳಿತು, ಅಮ್ಮನ ಕನ್ನಡಕ ಮೂಗಿನ ತುದಿಗೆ ಬಂತು.

ಆದರೂ ನನ್ನ ಮಾನಕ್ಕೆ ಕುಂದು ಬರಲಿಲ್ಲ, ನೋಡಿ ಸೋಜಿಗ! ಒಬ್ಬರಿಗಾದರೂ ನನ್ನ ಮೇಲೆ ಅನುಮಾನ ಬರಲಿಲ್ಲ. ನಮ್ಮವರು ಮೊದಲೇ ಹೇಳಿದ್ದರು, ಗಾಡಿಯ ಗುಣವೇ ಸರಿ ಇಲ್ಲ ಎಂದು ಹೆಂಡತಿ ಕಿಟಕಿಯಿಂದ ತಲೆ ಹೊರಹಾಕಿ ಮೇಷ್ಟ್ರನ್ನು ತರಾಟೆಗೆ ತೆಗೆದುಕೊಂಡಳು. ಬೆಟ್ಟ ಇಳಿಸಿದವರ ಕೈಯಲ್ಲೇ ಹೀಗೆ ಕುಣಿಯುವ ಗಾಡಿಗೆ ಒಂದೂವರೆಯೂ ಹೆಚ್ಚಾಯಿತು, ಇನ್ನೂ ಇಳಿಸಿ ಎಂದಳು. ನಾನು ಹೌದೆನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ.

ಮೇಷ್ಟ್ರ ಮುಖ ನೋಡಲಾಗುತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಹೀಗೆ ಮಾಡಿದ್ದಿಲ್ಲ ಎಂದು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು. ಆಮೇಲೆ ಮುಂಗಡದ ಹಣವನ್ನು ಜೇಬಿನಿಂದ ತೆಗೆದು ಹೆಂಡತಿಯ ಕಡೆ ಚಾಚಿದರು.

"ಬೇಡಮ್ಮಾ. ವಯಸ್ಸಾದವರನ್ನ ಕೂರಿಸಿಕೊಂಡು ಹೋಗೋ ಗಾಡಿ. ನಾಳೆ ನಡುದಾರೀಲಿ ಏನಾದ್ರೂ ಆದ್ರೆ ನನಗೆ ನಿದ್ದೆ ಬರಲ್ಲ. ನಾನು ಇದನ್ನ ಮಾರಲ್ಲ. ದಯವಿಟ್ಟು ಇಳೀರಿ" ಎಂದರು.

ಗೆದ್ದೆ! ಏಳನೆಯ ದೊಣ್ಣೆಯೂ ತಪ್ಪಿತು. ನಾನು ಬಾಗಿಲಿನ ಹಿಡಿಗೆ ಕೈ ಹಾಕಿದೆ. ಆಗ ಪಕ್ಕದಲ್ಲಿ ಅಮ್ಮ ಚೀಲವನ್ನು ಹೆಗಲಿಗೆ ಹಾಕಿಕೊಂಡಳು. ಬಗ್ಗಿ, ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಹೊರಗಿಟ್ಟಳು. "ನನ್ನ ಹಣೇಲಿ ಬರೆದಿಲ್ಲ ಬಿಡಿ" ಎಂದು ಮೆಲ್ಲಗೆ ಅಂದುಕೊಂಡು ಬಲಗಾಲಿಗೆ ಕೈ ಹಾಕಿದಳು.

ನನ್ನಿಂದ ತಡೆಯಲಾಗಲಿಲ್ಲ.

"ಇಳೀಬೇಡಮ್ಮ. ಗಾಡಿ ಸರಿಯಾಗೇ ಇದೆ. ನನಗೆ ಓಡಿಸೋಕೆ ಬರಲ್ಲ."

ಎಲ್ಲರಿಗಿಂತ ಮೊದಲು ಚೇತರಿಸಿಕೊಂಡವಳು ಹೆಂಡತಿ.

"ಮತ್ತೆ ಆ ಬೆಟ್ಟದ ದಾರಿ?"

"ಬಸ್ಸಲ್ಲಿ ಬಂದಿದ್ದೆ."

"ಲೈಸೆನ್ಸು?"

ಹೇಳಿದೆ. ಯಾರ ಕಾಲು ಎಲ್ಲಿತ್ತು ಎಂದು ವಿವರವಾಗಿ ಹೇಳಿದೆ. ಹಿಂದಿನ ಸೀಟಿನಲ್ಲಿ ಚಿಕ್ಕವಳು ಕಿಸಕ್ಕೆಂದಳು, ದೊಡ್ಡವಳು ಅವಳ ಬಾಯಿ ಮುಚ್ಚಿ ತಾನೂ ಕಿಸಕ್ಕೆಂದಳು. ಹೆಂಡತಿ ನಗಲಿಲ್ಲ.

"ಹಾಗಾದ್ರೆ ಆ ಆರು ಕಾರು?"

"ಚೆನ್ನಾಗೇ ಇದ್ವು."

ಅವಳು ಮನೆಗೆ ಹೋದ ಮೇಲೆ ಚುಚ್ಚುವ ಸೂಜಿಯನ್ನು ಆರಿಸುತ್ತಿದ್ದಳೆಂದು ತೋರುತ್ತದೆ. ನಾನು ಅಮ್ಮನ ಕಡೆ ತಿರುಗಿದೆ. ಬೈದರೆ ಸಾಕಪ್ಪ ಎನಿಸಿತ್ತು. ಅವಳು ಕನ್ನಡಕವನ್ನು ಮೂಗಿನ ತುದಿಯಿಂದ ಮೇಲಕ್ಕೆ ತಳ್ಳಿ ನನ್ನನ್ನೇ ನೋಡುತ್ತಿದ್ದಳು.

"ಕುಣಿಯಲಾರದವನು ನೆಲ ಡೊಂಕು ಅಂದನಂತೆ. ನೀನು ಆರು ಮನೆ ನೆಲ ಡೊಂಕು ಅಂದ್ಯಲ್ಲೋ. ಬರಲ್ಲ ಅಂತ ಒಂದು ಮಾತು ಹೇಳಿದ್ರೆ ನಾನು ಇಷ್ಟು ದಿನ ಕಿಟಕೀಲಿ ಕೂರ್ತಿದ್ನೇನೋ?" ಎಂದಳು.

ನನಗೆ ತಲೆ ಎತ್ತಲಾಗಲಿಲ್ಲ. ಹದಿನೇಳು ವರ್ಷ ಜೋಪಾನ ಮಾಡಿದ ಮಾನಕ್ಕಿಂತ ಆ ಕುರ್ಚಿ, ಆ ಕಿಟಕಿ, ಮೊಳೆಗೆ ತೂಗುತ್ತಿದ್ದ ಆ ಚೀಲ ದೊಡ್ಡದಾಗಿ ಕಂಡವು. ಅಮ್ಮ ಹೊರಗಿಟ್ಟಿದ್ದ ಕಾಲನ್ನು ಎತ್ತಿ ಮತ್ತೆ ಒಳಗಿಟ್ಟುಕೊಂಡು, ಬಾಗಿಲನ್ನು ದಢಾರೆಂದು ಎಳೆದುಕೊಂಡಳು.

"ಮೇಷ್ಟ್ರೇ, ನಾನಂತೂ ಇಳಿಯಲ್ಲ. ಗಾಡೀಲಿ ಐಬಿರೋದು ಆ ಒಂದು ಸೀಟಲ್ಲಿ. ಅದನ್ನ ಇಳಿಸಿ, ನೀವು ಹತ್ತಿ."

ಇಳಿದೆ. ಮೇಷ್ಟ್ರು ಸಂಕೋಚದಿಂದ ನನ್ನ ಭುಜ ತಟ್ಟಿ, ಒಂದೂವರೆಯ ಮಾತಿಗೆ ತಾವು ಬದ್ಧ ಎಂದು ಹೇಳಿ ಒಳಗೆ ಕೂತರು. ಮುಂದೆ ಇಬ್ಬರು, ಹಿಂದೆ ಮೂವರು, ಕಾರು ಭರ್ತಿ. ನನಗೆ ಜಾಗ ಮಾಡಿಕೊಡಲು ಯಾರೂ ಸರಿಯಲಿಲ್ಲ. ಕಾರು ಕುಪ್ಪಳಿಸದೆ, ಕೆಮ್ಮದೆ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಗೇಟು ದಾಟಿತು. ಅಮ್ಮ ನನ್ನ ಕಡೆ ನೋಡಲಿಲ್ಲ, ಮುಂದಿನ ರಸ್ತೆ ನೋಡುವುದರಲ್ಲಿ ಮೈಮರೆತಿದ್ದಳು.

ತಿರುವಿನಲ್ಲಿ ಚಿಕ್ಕವಳು ಕಿಟಕಿಯಿಂದ ತಲೆ ಹೊರಹಾಕಿದಳು. "ಅಪ್ಪಾ, ಮನೆ ಬೀಗದ ಕೈ ನಮ್ಮ ಹತ್ರಾನೇ ಇದೆ. ನಾವು ಚಿಕ್ಕಜ್ಜಿ ಮನೆಗೆ ಹೋಗಿ ಊಟ ಮಾಡ್ಕೊಂಡು ಬರ್ತೀವಿ. ನೀನು ನಿಧಾನಕ್ಕೆ ನಡ್ಕೊಂಡು ಬಾ."