ಕುದುರೆ ವ್ಯಾಪಾರಿಯ ಮಂಡಿ

ನಮ್ಮೂರು ಕರಾಕೋಲಿನ ಭಾನುವಾರದ ಕುದುರೆ ಸಂತೆಯಲ್ಲಿ ನನಗೆ ಕುಂಟು ಕುದುರೆ ಮಾರಬಲ್ಲ ಗಂಡು ಇನ್ನೂ ಹುಟ್ಟಿಲ್ಲ! ನಡಿಗೆ ನೋಡುವುದೂ ಬೇಡ, ಗೊರಸಿನ ಸದ್ದು ಕೇಳಿದರೆ ಸಾಕು, ಯಾವ ಕಾಲು, ಯಾವ ಕೀಲು ಎಂದು ಹೇಳಿಬಿಡುತ್ತೇನೆ. ಇಂಥ ನಾನು ಕಳೆದ ಶರತ್ಕಾಲದಲ್ಲಿ ಒಂದು ಘನ ಸಂಕಲ್ಪ ಮಾಡಿದೆ: ಜೀನಿನಿಂದ ಇಳಿಬಿಟ್ಟ ರಿಕಾಪಿಗೆ ಕಾಲು ತಾಗಿಸದೆ ಕುದುರೆಯಿಂದ ಧುಮುಕಿ ತೋರಿಸುವುದು! ಕಾರಣ, ಪಕ್ಕದ ವ್ಯಾಪಾರಿ ಮುಕಾಶ್ ಗಿರಾಕಿಗಳೆದುರೇ, "ಜಪಾರಣ್ಣ, ವಯಸ್ಸಾಯ್ತು, ಮೆತ್ತಗಿಳೀರಿ" ಎಂದುಬಿಟ್ಟಿದ್ದ.

ಧುಮುಕಿದೆ. ಪಾದ ಕೆಸರಿನಲ್ಲಿ ನಾಟಿಕೊಂಡಿತು, ದೇಹ ಮಾತ್ರ ಜಂಬದಿಂದ ಮುಕಾಶನ ಕಡೆ ತಿರುಗಿತು. ನಡುವೆ ಸಿಕ್ಕ ಮಂಡಿ 'ಟಪ್' ಎಂದಿತು. ಜೀನಿನ ಪಟ್ಟಿ ಹರಿಯಿತೇನೋ ಎಂದು ಬಗ್ಗಿ ನೋಡಿದೆ. ಪಟ್ಟಿ ಗಟ್ಟಿಯಾಗಿಯೇ ಇತ್ತು!

ಮನೆ ಸೇರುವಷ್ಟರಲ್ಲಿ ಮಂಡಿ ಊದಿ ಕಲ್ಲಂಗಡಿಯಾಗಿತ್ತು.

"ಆಸ್ಪತ್ರೆಗೆ ನಡೀರಿ" ಎಂದಳು ಹೆಂಡತಿ ಬುರುಲ್.

"ಬರೀ ಉಳುಕು ಕಣೇ! ಕುರಿಬಾಲದ ಕೊಬ್ಬು ತಾ."

ಕೊಬ್ಬು ಹಚ್ಚಿ, ಹಸಿ ಕುರಿಚರ್ಮ ಸುತ್ತಿಕೊಂಡು ಮಲಗಿದೆ. ಆ ವಾಸನೆಗೆ ಬೀದಿಯ ನಾಯಿಗಳೆಲ್ಲ ನನ್ನ ಯೋಗಕ್ಷೇಮ ವಿಚಾರಿಸಲು ಬಂದವು.

ಕೆಲವು ವಾರಗಳಲ್ಲಿ ಊತ ಇಳಿಯಿತು. ಅಲ್ಲಿಯವರೆಗೆ ಸಂತೆಯಲ್ಲಿ ನನ್ನ ಜಾಗದಲ್ಲಿ ನಿಂತವಳು ಬುರುಲ್. ಮಂಡಿಗಿಂತ ನನಗೆ ಹೆಚ್ಚು ನೋಯುತ್ತಿದ್ದದ್ದು ಅದೇ. ಗಿರಾಕಿ ಒಂದು ಸಲ ಬೇರೆ ಗಂಟಲಿಗೆ ಒಗ್ಗಿದನೆಂದರೆ ಕೈತಪ್ಪಿದ ಹಾಗೆಯೇ, ಅದು ಹೆಂಡತಿಯ ಗಂಟಲಾದರೂ!

"ಈ ಭಾನುವಾರ ನಾನೇ ಹೋಗೋದು" ಎಂದು ಘೋಷಿಸಿದೆ.

"ಎಲ್ಲಿ, ನಡೆದು ತೋರಿಸಿ."

ಅಂಗಳದ ಉದ್ದಕ್ಕೂ ಸೇನಾಪತಿಯಂತೆ ನಡೆದೆ. "ನೋಡಿದ್ಯಾ?"

"ನೆಟ್ಟಗೆ ಎಂಥಾ ಕುಂಟು ಕುದುರೇನೂ ನಡೆಯುತ್ತೆ ಕಣ್ರೀ. ನಮ್ಮಪ್ಪ ಮಾರ್ತಿದ್ದಿದ್ದೂ ಕುದುರೇನೇ. ಗಕ್ಕನೆ ತಿರುಗಿ, ನೋಡೋಣ!"

ಈ ಗುಟ್ಟು ಅವಳಿಗೆ ಗೊತ್ತಿರಬಾರದಿತ್ತು. ಕುಂಟು ಮಾಲನ್ನು ಗಿರಾಕಿಯೆದುರು ನಾವು ತಿರುಗಿಸುವುದೇ ಇಲ್ಲ! ತಿರುಗಿದೆ. ಮಂಡಿ ನನ್ನನ್ನು ಒಂದು ಮಾತೂ ಕೇಳದೆ ಸರಕ್ಕನೆ ಜಾರಿತು. ಕಣ್ಣು ಬಿಟ್ಟಾಗ ಹಾಲಿನ ಬಕೆಟ್ಟಿನಲ್ಲಿ ಕುಳಿತಿದ್ದೆ.

"ನಾನಾಗಿದ್ರೆ ಈ ಮಾಲು ಕೊಳ್ತಿರ್ಲಿಲ್ಲ" ಎಂದಳು ಬುರುಲ್.

ಆಸ್ಪತ್ರೆಯಲ್ಲಿ ಡಾಕ್ಟರ್ ಝಮೀರಾ ನನ್ನ ಮೊಣಕಾಲಿನ ಕೆಳಭಾಗವನ್ನು ಮೇಜಿನ ಖಾನೆಯಂತೆ ಮುಂದಕ್ಕೆಳೆದರು. ಅದೂ ಖಾನೆಯಂತೆಯೇ ಸಲೀಸಾಗಿ ಬಂತು! ಸ್ಕ್ಯಾನಿನಲ್ಲೂ ಅದೇ ಸುದ್ದಿ.

"ಮಂಡಿ ಒಳಗೆ ಮೂಳೆ ಹಿಡಿದಿಡೋ ರಜ್ಜು ಪೂರ್ತಿ ಹರಿದಿದೆ. ಟಪ್ ಅಂದ ದಿನಾನೇ ಬರ್ಬೇಕಿತ್ತು. ಏನು ಹಚ್ಚಿದ್ರಿ?"

"ಕುರಿ ಕೊಬ್ಬು."

"ಅದನ್ನ ಪಲಾವಿಗೆ ಹಾಕ್ತಾರೆ."

ತೊಡೆಯ ಹಿಂಭಾಗದಿಂದ ಒಂದು ಎಳೆ ತೆಗೆದು ಹೊಸ ರಜ್ಜು ಕಟ್ಟುತ್ತಾರಂತೆ. ಹೊರಗಿನ ಸರಕಲ್ಲ, ಮನೆಯದೇ ಮಾಲು! ಒಪ್ಪಿದೆ. ಆದರೆ ಕುದುರೆಯೇರಲು ಒಂಬತ್ತು ತಿಂಗಳು ಕಾಯಬೇಕು ಎಂದಾಗ ನನ್ನೊಳಗಿನ ವ್ಯಾಪಾರಿ ಎದ್ದು ಕುಳಿತ.

"ಡಾಕ್ಟ್ರೇ, ನಿಮ್ಮ ಮಾತೂ ಬೇಡ, ನನ್ನ ಮಾತೂ ಬೇಡ, ಐದಕ್ಕೆ ಮುಗಿಸೋಣ."

ಉತ್ತರ ಬಂದದ್ದು ಬುರುಲಳಿಂದ. "ಒಂಬತ್ತು ತಿಂಗಳು ನಾನು ನಾಲ್ಕು ಸಲ ಕಾದಿದ್ದೀನಿ. ನೀವು ಒಂದು ಸಲ ಕಾಯ್ರಿ!"

ಕಾದೆ. ಶಸ್ತ್ರಚಿಕಿತ್ಸೆ ಮುಗಿದದ್ದೇ ವ್ಯಾಯಾಮ ಶುರುವಾಯಿತು: ತೊಡೆ ಬಿಗಿ, ಸಡಿಲಿಸು. ಹಿಮ್ಮಡಿ ಜಾರಿಸು, ಮಂಡಿ ಮಡಚು! ನೂರಾರು ಕುದುರೆಗಳನ್ನು ಪಳಗಿಸಿದವನ ಕಾಲಿಗೆ ರಬ್ಬರ್ ಪಟ್ಟಿ ಬಿಗಿದು ವ್ಯಾಯಾಮದ ದಾದಿ ನನ್ನನ್ನೇ ಪಳಗಿಸಿದಳು. ಬೇಗ ಗುಣವಾಗಲೆಂದು ಒಂದು ದಿನ ಕದ್ದು ದುಪ್ಪಟ್ಟು ವ್ಯಾಯಾಮ ಮಾಡಿದೆ. ಮಂಡಿ ಊದಿ ಚಾಡಿ ಹೇಳಿತು!

ಕೊನೆಗೂ ಡಾಕ್ಟರ್ ಹೂಂ ಎಂದು ತಲೆಯಾಡಿಸಿದರು. ಭಾನುವಾರ ಹೊಸ ಉಣ್ಣೆ ಟೋಪಿ ಧರಿಸಿ, ಎರಡೂ ಕಾಲಿನ ಮೇಲೆ ರಾಜನಂತೆ ನನ್ನ ಹಳೆಯ ಜಾಗದಲ್ಲಿ ನಿಂತೆ. ಗಂಟಲು ಸರಿಮಾಡಿಕೊಂಡು, "ಬನ್ನಿ, ಬನ್ನಿ! ಹಲ್ಲು ನೋಡಿ, ಗೊರಸು ನೋಡಿ!" ಎಂದು ಕೂಗಿದೆ. ನನ್ನ ಹಳೆಯ ಗಿರಾಕಿಯೊಬ್ಬ ಬಂದ. ಕುದುರೆ ನೋಡಿದ. ನನ್ನನ್ನು ನೋಡಿದ. ಆಮೇಲೆ ನನ್ನ ಭುಜದಾಚೆ ಇಣುಕಿ ಕೇಳಿದ:

"ಬುರುಲಕ್ಕ ಬಂದಿಲ್ವಾ?"

"ಬಂದೆ ತಮ್ಮಾ!" ಎನ್ನುತ್ತ ಬುರುಲ್ ಮುಂದೆ ಬಂದಳು. ಕುದುರೆಯ ಹಗ್ಗವನ್ನು ನನ್ನ ಕೈಗಿತ್ತು, ಮೆಲ್ಲಗೆ ನನ್ನನ್ನು ಪಕ್ಕಕ್ಕೆ ಸರಿಸಿದಳು.

"ಏನೇ ಇದು? ನಾನು ಗುಣವಾಗಿದ್ದೀನಿ!"

"ಹೌದ್ರೀ, ನಿಂತ್ಕೋಬಹುದು ಅಂತ ಡಾಕ್ಟ್ರು ಹೇಳಿದ್ದಾರೆ. ಬಾಯಿ ಬಿಡಬಹುದು ಅಂದಿದ್ದು ನಂಗಂತೂ ಕೇಳಿಸ್ಲಿಲ್ಲ!"