ವಾಲ್ವಿಗೆ ಮುಡಿಸಿದ ಚೆಂಡುಹೂವು

ತೂತು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದು ಹುಟ್ಟುಗುಣವಲ್ಲ, ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸಿದ ಸಿಸ್ಟರ್ ಹಚ್ಚಿದ ಚಟ. ಕಾಲುಚೀಲದ ತೂತನ್ನು ಅವರು ಪಾಪಗಳ ಪಟ್ಟಿಯಲ್ಲಿ ಸುಳ್ಳಿನ ನಂತರ, ಕಳ್ಳತನದ ಮೊದಲು ಇಟ್ಟಿದ್ದರು. ಮದುವೆಯಾಗಿ ಹಾವೇರಿಗೆ ಬಂದ ಮೇಲೂ ಸೊಳ್ಳೆಪರದೆ, ಗೋಣಿಚೀಲ, ಗೋಡೆಯಲ್ಲಿ ಮೊಳೆ ಕಿತ್ತ ಗುರುತು, ಯಾವುದನ್ನೂ ನಾನು ಬಿಟ್ಟವಳಲ್ಲ. ಆದರೆ ನನ್ನ ಈ ಶಿಸ್ತು ಒಮ್ಮೆ ಬ್ಯಾಡಗಿಯ ಕಾರ್ಖಾನೆಯೊಂದರ ಉಗಿಯನ್ನೇ ತಡೆದು ನಿಲ್ಲಿಸಿತು ಎಂದರೆ ನೀವು ನಂಬಲಿಕ್ಕಿಲ್ಲ.

ನಮ್ಮವರು ಆಗ ಮೆಣಸಿನಕಾಯಿಯಿಂದ ಕೆಂಪು ಬಣ್ಣದ ಎಣ್ಣೆ ತೆಗೆಯುವ ಆ ಕಾರ್ಖಾನೆಯಲ್ಲಿ ಎಂಜಿನಿಯರು. ಎಣ್ಣೆಯ ಹಂಡೆಗೆ ಉಗಿ ಹೆಚ್ಚಾದರೆ ಬಣ್ಣ ಸುಟ್ಟು ಕಪ್ಪಾಗುತ್ತದೆ, ಕಡಿಮೆಯಾದರೆ ಕೆಟ್ಟ ವಾಸನೆ ಉಳಿಯುತ್ತದೆ. ನಿಂಗಪ್ಪ ಎಂಬ ಹಿರಿಯ ಕೆಲಸಗಾರ ಕೈಯಿಂದ ಚಕ್ರ ತಿರುವಿ ಉಗಿ ಬಿಡುತ್ತಿದ್ದ. ಅವನು ಚಹಾಕ್ಕೆ ಹೋದಾಗಲೆಲ್ಲ ಬಣ್ಣಕ್ಕೆ ಗಂಡಾಂತರ. ನಮ್ಮವರು ಮಾಲೀಕರನ್ನು ತಿಂಗಳುಗಟ್ಟಲೆ ಕಾಡಿ, ತಾನಾಗಿಯೇ ತೆರೆದು ಮುಚ್ಚುವ ಕಂಟ್ರೋಲ್ ವಾಲ್ವ್ ತರಿಸಿದ್ದರು. "ದಸರಾ ಬನ್ನಿ ಮುಗಿದ ಕೂಡ್ಲೆ ನನ್ನ ಮುಂದ ನಡಸಿ ತೋರಸ್ರಿ. ನಡೀಲಿಲ್ಲಂದ್ರ ವಾಪಸ್ ಕಳಸೂದ. ನಮಗ ನಿಂಗಪ್ಪನ ಚಕ್ರನ ಛಲೋ" ಎಂದು ಮಾಲೀಕರು ಕಡ್ಡಿ ಮುರಿದಂತೆ ಹೇಳಿದ್ದರು. ವಾಲ್ವು ವಾಪಸ್ ಹೋದರೆ ಅದರ ಹಿಂದೆಯೇ ನಮ್ಮವರ ಮಾತಿನ ತೂಕವೂ ಹೋದಂತೆ.

ಆ ತಿಂಗಳಿಡೀ ಮನೆಯಲ್ಲಿ ವಾಲ್ವಿನದೇ ಧ್ಯಾನ. ಒಂದು ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದರೆ, "ನೋಡು, ಇದನ ಅದು!" ಎಂದು ಕೂಗಿಕೊಂಡರು. ಹಾಲು ಏರುವುದನ್ನು ಕಣ್ಣು ನೋಡುತ್ತದೆ, ಬುದ್ಧಿ ಹೇಳುತ್ತದೆ, ಕೈ ಒಲೆಯ ಕಿವಿ ಹಿಂಡುತ್ತದೆ. ಅಲ್ಲಿ ಉಷ್ಣಮಾಪಕವೇ ಕಣ್ಣು, ಗೋಡೆಯ ಮೇಲಿನ ಪೆಟ್ಟಿಗೆಯೇ ಬುದ್ಧಿ, ವಾಲ್ವೇ ಕೈ. ಎರಡು ಬಾಣಲೆಗಳನ್ನು ಬಾಯಿಗೆ ಬಾಯಿ ಕೂಡಿಸಿದಂಥ ತಲೆ ಅದಕ್ಕೆ. ಒಳಗೊಂದು ರಬ್ಬರ್ ಹಾಳೆ, ಮೇಲೆ ಸ್ಪ್ರಿಂಗು. ಹಾಳೆಯ ಕೆಳಗೆ ಗಾಳಿ ತುಂಬಿದರೆ ಅದು ಮೇಲೇಳುತ್ತದೆ. ಅದಕ್ಕಂಟಿದ ಕಡ್ಡಿ ಕೊಳವೆಯೊಳಗಿನ ಬಿರಡೆಯನ್ನು ಎತ್ತುತ್ತದೆ, ಉಗಿ ನುಗ್ಗುತ್ತದೆ. ಗಾಳಿ ಇಳಿದರೆ ಸ್ಪ್ರಿಂಗು ಒತ್ತಿ ಮುಚ್ಚುತ್ತದೆ. ಪೂರ್ತಿ ತೆರೆಯಬೇಕೆಂದೇನಿಲ್ಲ, ಕೂದಲೆಳೆಯಷ್ಟು ಬೇಕೆಂದರೆ ಕೂದಲೆಳೆಯಷ್ಟೇ! ಕೇಳುತ್ತ ನನಗೆ ಮೈ ಜುಮ್ಮೆಂದಿತು. ಹಾಲು ಉಕ್ಕಿ ಒಲೆ ಆರಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಯಂತ್ರಗಳಿಗೆಲ್ಲ ರಜೆ. ನಾವು ಹೆಂಗಸರು ಬುಟ್ಟಿಗಟ್ಟಲೆ ಹೂವು ಹೊತ್ತು ಕಾರ್ಖಾನೆಗೆ ಹೋದೆವು. ಮೋಟರು, ಪಂಪು, ತಕ್ಕಡಿ, ಕೊನೆಗೆ ಸ್ಪ್ಯಾನರಿಗೂ ವಿಭೂತಿ ಕುಂಕುಮ. ಹೊಸ ವಾಲ್ವಿನ ಪೂಜೆ ಮಾತ್ರ ನನ್ನದೇ ಎಂದು ಹಟ ಹಿಡಿದು ಸ್ಟೂಲು ಹತ್ತಿದೆ. ನೋಡಿದರೆ ಬಾಣಲೆಯ ನೆತ್ತಿಯಲ್ಲೊಂದು ಪುಟ್ಟ ತೂತು! ದುಂಡಗೆ, ಖಾಲಿಯಾಗಿ, ಹೂ ಸಿಗಿಸಲೆಂದೇ ಬಿಟ್ಟಂತೆ. ದಪ್ಪ ದೇಟಿನ ಚೆಂಡುಹೂವೊಂದನ್ನು ಆರಿಸಿ, ಗಂಧದಲ್ಲಿ ಅದ್ದಿ, ಬೀಳದಂತೆ ಬಿಗಿಯಾಗಿ ಒತ್ತಿದೆ. ವಾಲ್ವು ಮದುಮಗಳಂತೆ ಕಂಡಿತು.

ಮರುದಿನ ವಿಜಯದಶಮಿ. ಕಾರ್ಖಾನೆಯಲ್ಲಿ ನಾವೆಲ್ಲ ಬನ್ನಿ ಕೊಟ್ಟುಕೊಂಡಾದ ಮೇಲೆ ಮಾಲೀಕರ ಎದುರು ಉಗಿ ಬಿಟ್ಟರು. ನಿಂಗಪ್ಪ ಉಳಿದ ಹಾರಗಳನ್ನೆಲ್ಲ ತೆಗೆದಿದ್ದ. ಸಾಹೇಬರ ಹೆಂಡತಿ ಇಟ್ಟ ಹೂವೆಂದು ಅದೊಂದನ್ನು ಮುಟ್ಟಿರಲಿಲ್ಲ. ಉಷ್ಣಮಾಪಕದ ಮುಳ್ಳು ಕೆಂಪು ಗೆರೆಯತ್ತ ಹೊರಟು ಅರ್ಧದಲ್ಲೇ ನಿಂತಿತು. ವಾಲ್ವಿನ ಕಡ್ಡಿ ಚೂರು ಎದ್ದದ್ದು ಮತ್ತೆ ಏಳಲೊಲ್ಲದು.

"ಗಾಳಿ ಬರಾಕತ್ತೇತಿ, ಎಲ್ಲಾ ಬರೋಬರಿ ಐತಿ..." ನಮ್ಮವರ ಅಂಗಿ ಬೆನ್ನಿಗಂಟಿತ್ತು.

"ನಾ ಚಕ್ರ ಹಿಡೀಲೇನ್ರಿ ಸಾಹೇಬ್ರ? ನನಗ ಗಾಳಿ ಬ್ಯಾಡ್ರಿ, ಒಂದ್ ಕಪ್ ಚಾ ಸಾಕು" ಎಂದ ನಿಂಗಪ್ಪ. ಎಲ್ಲರೂ ನಕ್ಕರು. ಮಾಲೀಕರು ಗಡಿಯಾರ ನೋಡಿ, "ಇನ್ನ ಐದ್ ಮಿನಿಟು" ಎಂದರು.

ನನಗೆ ಅಳು ಬಂತು. ಕಣ್ಣೊರೆಸಿಕೊಂಡು ನೋಡುತ್ತೇನೆ, ಕಿಟಕಿಯಿಲ್ಲ, ಫ್ಯಾನಿಲ್ಲ, ಆದರೂ ನನ್ನ ಚೆಂಡುಹೂವಿನ ಎಸಳುಗಳು ಸಣ್ಣಗೆ ನಡುಗುತ್ತಿವೆ!

"ಅಲ್ರೀ, ಆ ಹೂವು ಯಾಕ ನಡಗಾಕತ್ತೇತಿ?"

ನಮ್ಮವರು ತಲೆಯೆತ್ತಿದರು. "ಅಯ್ಯ! ಅದು ಉಸರಾಡೂ ತೂತು! ಹಾಳಿ ಮ್ಯಾಲ ಏಳಬೇಕಂದ್ರ ಮ್ಯಾಲಿನ ಗಾಳಿ ಹೊರಗ ಹೋಗಬೇಕಲ್ಲ!" ಎನ್ನುತ್ತ ಸ್ಟೂಲು ಹತ್ತಿ ಹೂವನ್ನು ಎಳೆದರು. ಬುಸ್ಸ್! ಕಡ್ಡಿ ಸರ್ರನೆ ಮೇಲೆದ್ದಿತು. ಕೊಳವೆಯಲ್ಲಿ ಉಗಿ ಮೊರೆಯಿತು. ಮುಳ್ಳು ಏರಿತು, ಏರಿತು. ಕೆಂಪು ಗೆರೆ ಹತ್ತಿರವಾದಂತೆ, ಯಾರೂ ಮುಟ್ಟದೆ, ಕಡ್ಡಿ ತಾನೇ ಇಷ್ಟಿಷ್ಟೇ ಇಳಿಯಿತು. ಮುಳ್ಳು ಗೆರೆಯ ಮೇಲೆ ಬಂದು ನಿಂತಿತು. ನಾನು ಚಪ್ಪಾಳೆ ತಟ್ಟಿಬಿಟ್ಟೆ!

"ಅದಕ್ಕ ಹೂವು ತುರಕಿದವರು ಯಾರು?" ಮಾಲೀಕರು ಕೇಳಿದರು. ಚಪ್ಪಾಳೆ ನಿಂತಿತು. ನಮ್ಮವರು ಮೇಲ್ಛಾವಣಿ ನೋಡತೊಡಗಿದರು. ನಾನು ನೆಟ್ಟಗೆ ನಿಂತು, ಶಾಲೆಯ ಹುಡುಗಿಯಂತೆ ಕೈ ಎತ್ತಿದೆ.

"ಅಕ್ಕಾರ, ಪೂಜಿ ಅಂತ ಹೇಳಿ ಮೂಗಿನಾಗ ಹೂವು ಇಟ್ರ ದೇವರರ ಏನ್ ಮಾಡ್ಬೇಕ್ರಿ!" ಎಂದ ನಿಂಗಪ್ಪ. ಮಾಲೀಕರೇ ಮೊದಲು ನಕ್ಕರು. ವಾಲ್ವು ಉಳಿಯಿತು.

ನಮ್ಮವರು ಅದೇ ವಾರ ಆ ತೂತಿಗೆ ಗಾಳಿಯಾಡುವ, ಪುಟ್ಟ ಟೊಪ್ಪಿಗೆಯಂಥ ಹಿತ್ತಾಳೆ ಜಾಲರಿಯೊಂದನ್ನು ಕೂಡಿಸಿದರು. ಕೆಲಸಗಾರರು ಅದನ್ನು 'ಅಕ್ಕಾರ ಟೊಪಗಿ' ಎಂದು ಕರೆದರು. ಮಾಲೀಕರು ತಮ್ಮ ರಾಣೆಬೆನ್ನೂರಿನ ಎಣ್ಣೆ ಮಿಲ್ಲಿಗೂ ವಾಲ್ವ್ ತರಿಸಿದಾಗ ಟೊಪಗಿಯೂ ಹೆಸರಿನ ಸಮೇತ ಅಲ್ಲಿಗೆ ಹೋಯಿತು. ಅಷ್ಟು ವರ್ಷ ದುಡಿದರೂ ನಮ್ಮವರ ಹೆಸರು ಒಂದು ತಿರುಪಿಗೂ ಬರಲಿಲ್ಲ. ಅಲ್ಲಿಯ ಹೆಂಗಸರು ನನ್ನನ್ನು ಕಂಡರೆ, "ಆ ಟೊಪಗಿ ಕಂಡುಹಿಡದವರು ನೀವ ಏನ್ರಿ?" ಎಂದು ಗೌರವದಿಂದ ಕೇಳುತ್ತಾರೆ. ಕಂಡುಹಿಡಿದದ್ದು ನನ್ನಿಂದಾಗಿಯೇ ಹೌದು, ನನ್ನಂಥವರಿಂದ ಯಂತ್ರ ಕಾಯಲಿಕ್ಕೆ. ಅಷ್ಟನ್ನೆಲ್ಲ ಬಿಡಿಸಿ ಹೇಳುವಷ್ಟು ಹೊತ್ತು ನನಗೆಲ್ಲಿರುತ್ತದೆ? ಸೆರಗು ಸರಿಮಾಡಿಕೊಂಡು ಸುಮ್ಮನೆ ನಗುತ್ತೇನೆ.